ಮೂರು ತಿಂಗಳು ತುಂಬದ ಮರಿ

ಈ ಸಲದ ನವೆಂಬರ್ ಜಡಿಮಳೆಗೆ ನಮ್ಮ ಕುರಿ ರೊಪ್ಪದಲ್ಲಿ ಒಂಬತ್ತು ಮರಿ ಸತ್ತವು. ರೋಗ ಬಂದಿರಲಿಲ್ಲ, ತೋಳ ನುಗ್ಗಿರಲಿಲ್ಲ. ಬರೀ ಥಂಡಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಟಿವಿಯವರು ಹೇಳಿ ಮುಗಿಸುತ್ತಾರೆ. ಇಲ್ಲಿ ಹಿರಿಯೂರು ಕಡೆ ನಾಲ್ಕು ದಿನ ಬಿಸಿಲೇ ಕಾಣಲ್ಲ. ಕುರಿಗಳು ಈಯೋದೂ ಆಗಲೇ.

ಕುರಿಗೆ ಗಬ್ಬ ಐದು ತಿಂಗಳು. ಜೂನ್‌ನಲ್ಲಿ ಹಸಿ ಹುಲ್ಲು ಮೇದು ಬೆದೆಗೆ ಬಂದದ್ದು ನವೆಂಬರ್‌ಗೆ ಈಯುತ್ತದೆ. ನಮ್ಮಜ್ಜ ಬೇಡದ ತಿಂಗಳಲ್ಲಿ ಕುರಿ ಗಬ್ಬ ಆಗದಂತೆ ಟಗರಿನ ಹೊಟ್ಟೆಗೆ ಬಟ್ಟೆ ಕಟ್ಟಿಬಿಡುತ್ತಿದ್ದ. ನಾವು ವರ್ಷವಿಡೀ ಸುಮ್ನೆ ಬಿಟ್ಟಿದ್ದೇವೆ. ಆ ತಪ್ಪು ನಮ್ಮದೇ.

ಹುಟ್ಟಿದ ಮರಿಯ ಬಾಯೊಳಗೆ ಬೆರಳಿಟ್ಟು ನೋಡಬೇಕು. ಬಾಯಿ ತಣ್ಣಗಿದ್ದರೆ ಆಟ ಮುಗಿಯುತ್ತಾ ಬಂತು ಅಂತಲೇ ಅರ್ಥ. ಗಾಬರಿಯಲ್ಲಿ ಮೊದಲು ಹಾಲು ಹುಯ್ಯುವವರೇ ಜಾಸ್ತಿ. ಥಂಡಿ ಹಿಡಿದ ಮರಿಗೆ ನುಂಗೋಕೆ ಬಲ ಇರಲ್ಲ, ಹಾಲು ಶ್ವಾಸಕ್ಕೆ ಹೋಗುತ್ತೆ. ಮೊದಲು ಗೋಣಿಚೀಲದಲ್ಲಿ ಉಜ್ಜಿ ಒಣಗಿಸಬೇಕು, ಒಲೆ ಹತ್ತಿರ ಕಂಬಳಿಯಲ್ಲಿ ಸುತ್ತಿಡಬೇಕು, ಆಮೇಲೆ ಗಿಣ್ಣುಹಾಲು. ಹೊಕ್ಕುಳಿಗೆ ಟಿಂಚರ್. ಇನ್ನೊಂದು ಕಾಟ ಇದೆ: ಮಳೆಗೆ ಮರಿ ಮೈವಾಸನೆ ತೊಳೆದು ಹೋದರೆ ತಾಯಿಗೇ ಗುರುತು ಸಿಗಲ್ಲ, ಒದ್ದು ಓಡಿಸುತ್ತೆ. ಅಂಥ ಒಂದು ಕುರಿಯನ್ನು ಅವ್ವ ಗೂಟಕ್ಕೆ ಕಟ್ಟಿ, ಮಂಡಿಯಲ್ಲಿ ಅದುಮಿ ಹಿಡಿದು, ರಾತ್ರಿ ಎರಡು ಗಂಟೆಗೆ ಮರಿಗೆ ಮೊಲೆ ಕುಡಿಸಿದಳು. ನಾನು ಟಾರ್ಚ್ ಹಿಡಿದಿದ್ದೆ, ಅಷ್ಟೇ.

ಈಗ ಹೇಳಬೇಕಿದ್ದ ವಿಷಯ. 2025ರ ರಾಜ್ಯ ಬಜೆಟ್‌ನಲ್ಲಿ, ಸತ್ತ ಜಾನುವಾರಿಗೆ ದುಡ್ಡು ಕೊಡುವ ಅನುಗ್ರಹ ಯೋಜನೆಯ ಪರಿಹಾರ ಜಾಸ್ತಿ ಮಾಡಿದರು. ದೊಡ್ಡ ಕುರಿ ಆಕಸ್ಮಿಕವಾಗಿ ಸತ್ತರೆ 7,500 ರೂಪಾಯಿ, ಮೂರರಿಂದ ಆರು ತಿಂಗಳ ಮರಿಗೆ 5,000. ಒಳ್ಳೇದೇ. ಆದರೆ ಮಳೆಗೆ ಸಾಯೋದು ಹುಟ್ಟಿದ ಮೊದಲ ಎರಡು ಮೂರು ದಿನದ ಮರಿ. ಅದು ಯಾವ ಲೆಕ್ಕಕ್ಕೂ ಇಲ್ಲ.

ಹಾಗಂತ ಒಂದು ದಿನದ ಮರಿಗೂ ದುಡ್ಡು ಕೊಡಿ ಅಂತ ನಾನು ಕೇಳಲ್ಲ. ಕೊಟ್ಟರೆ ಹುಟ್ಟದೇ ಇರೋ ಮರಿಗಳೂ ಸಾಯ್ತವೆ, ನಮ್ಮ ಜನ ಗೊತ್ತಲ್ವಾ! ಅದರ ಬದಲು ಅಕ್ಟೋಬರ್‌ಗೇ ಒಂದೊಂದು ಮಂದೆಗೆ ಗಟ್ಟಿ ಟಾರ್ಪಾಲು, ಹತ್ತು ಮರಿ ನಿಲ್ಲೋಷ್ಟು ಮರದ ಹಲಗೆ ಅಟ್ಟ ಕೊಟ್ಟರೆ ಸಾಕು. ಕರುಳುಬೇನೆ, ನೀಲಿನಾಲಿಗೆ ರೋಗಕ್ಕೆ ಲಸಿಕೆ ಇದೆ. ಕೆಸರಿಗೆ ಏನಿದೆ? ನಾವು ಶೇಂಗಾ ಹೊಟ್ಟು ಹರಡಿದೆವು, ಒಂದೇ ರಾತ್ರಿಗೆ ಅದೂ ಗೊಜ್ಜಾಯಿತು.

ಬರೋ ಜೂನ್‌ಗೆ ಟಗರಿಗೆ ಬಟ್ಟೆ ಕಟ್ಟೋಣ ಅಂತ ಅಣ್ಣನಿಗೆ ಹೇಳಿದೆ. ಅವನು ಬೀಡಿ ಆರಿಸಿ, "ಹಂಗಾದ್ರೆ ಯುಗಾದಿ ವರ್ಷತೊಡಕಿಗೆ ಮಾರೋಕೆ ಮರಿ ಎಲ್ಲಿಂದ ತರ್ತೀಯ?" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ.