ತೋಳಕ್ಕೆ ಬಟಾಣಿ

ನಿಮ್ಮ ನಾಯಿಯ ಒಳಗೊಂದು ತೋಳ ಮಲಗಿದೆಯಂತೆ. ಆ ಫಲಕವನ್ನು ನೀವೂ ನೋಡಿರುತ್ತೀರಿ. ಈಗೀಗ ಶಿವಮೊಗ್ಗ ಪೇಟೆಯಲ್ಲಿ ಚಿನ್ನದಂಗಡಿಯನ್ನು ಬಿಟ್ಟರೆ ಥಳಥಳ ಹೊಳೆಯುವುದು ನಾಯಿ ಆಹಾರದ ಅಂಗಡಿಯೇ. ತೋಳಕ್ಕೆ ಅಕ್ಕಿ, ಗೋಧಿ ಆಗಿಬರುವುದಿಲ್ಲ, ಧಾನ್ಯವಿಲ್ಲದ ಆಹಾರವನ್ನೇ ಹಾಕಬೇಕು ಎಂದು ಅಂಗಡಿಯ ಹುಡುಗ ಉಪದೇಶಿಸಿದ. ನಾನು ಹೋದದ್ದು ಜಂತುಹುಳದ ಮಾತ್ರೆಗೆ. ಪೊಟ್ಟಣದ ಮೇಲೆ ಹಿಮದಲ್ಲಿ ನಿಂತ ತೋಳ. ತಿರುಗಿಸಿ ಓದಿದರೆ ಒಳಗಿರುವುದು ಬಟಾಣಿ, ಮಸೂರ ಬೇಳೆ, ಆಲೂಗಡ್ಡೆ. ತೋಳ ಜಿಂಕೆಯ ಬೆನ್ನು ಹತ್ತಿದ್ದನ್ನು ಕೇಳಿದ್ದೇನೆ, ಬಟಾಣಿ ಸುಲಿಯಲು ಕೂತದ್ದನ್ನು ಕೇಳಿಲ್ಲ.

ನಮ್ಮ ಕರಿಯನಿಗೆ ಅವನ ವಂಶಾವಳಿಯನ್ನು ಯಾರೂ ಹೇಳಿಲ್ಲ. ಅನ್ನಕ್ಕೆ ಬೇಯಿಸಿದ ಮೀನಿನ ತಲೆ ಕಲಸಿದ್ದನ್ನು ತಿಂದುಕೊಂಡು, ಅಡಿಕೆ ತೋಟದಲ್ಲಿ ಮಂಗಗಳನ್ನು ಅಟ್ಟುತ್ತಾ, ಪ್ರತಿದಿನವೂ ಅವುಗಳಿಗೆ ಸೋಲುತ್ತಾ ಹನ್ನೊಂದು ವರ್ಷ ದಾಟಿದ್ದಾನೆ. 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸಂಶೋಧನೆಯೂ ಅವನ ಪಕ್ಷವೇ: ಪಿಷ್ಟವನ್ನು ಅರಗಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ 2 ಪ್ರತಿ ಇದ್ದರೆ, ನಾಯಿಯಲ್ಲಿ 4ರಿಂದ 30. ಮನುಷ್ಯನ ಅಂಗಳಕ್ಕೆ ಬಂದು ಅನ್ನ ಅರಗಿಸಿಕೊಂಡದ್ದೇ ಅದರ ಸಾಧನೆ. ಇತ್ತ, ಬೇಳೆಕಾಳು ತುಂಬಿದ ಧಾನ್ಯರಹಿತ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ನಂಟಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ತನಿಖೆಗೆ ಇಳಿಯಿತು. ನಂಟು ಸಾಬೀತಾಗಿಲ್ಲ, ನಿಜ. ನಮ್ಮ ಫಲಕಕ್ಕೆ ಮಾತ್ರ ತನಿಖೆಯ ಸುದ್ದಿಯೇ ಮುಟ್ಟಿಲ್ಲ.

ಬೆಕ್ಕಿನ ಕಥೆ ಇನ್ನೂ ಸೊಗಸು. ತೀರ್ಥಹಳ್ಳಿ ಕಡೆಯ ಸ್ನೇಹಿತರೊಬ್ಬರು ತಮ್ಮ ಮನೆಯ ಬೆಕ್ಕು ಹಾಲನ್ನ ಬಿಟ್ಟು ಬೇರೇನನ್ನೂ ಮೂಸುವುದಿಲ್ಲ ಎಂದು ಹೆಮ್ಮೆಪಡುತ್ತಾರೆ. ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಬೇಕು, ಅದು ಮಾಂಸದಲ್ಲಿರುತ್ತದೆ, ಸಾಕಷ್ಟು ತಾನೇ ತಯಾರಿಸಿಕೊಳ್ಳಲು ಬೆಕ್ಕಿನ ದೇಹಕ್ಕೆ ಆಗುವುದಿಲ್ಲ, ಸಿಗದಿದ್ದರೆ ಕಣ್ಣೂ ಹೋಗಬಹುದು, ಹೃದಯವೂ ಸೋಲಬಹುದು ಎಂದೆ. ‘ನಮ್ಮದಕ್ಕೆ ಏನೂ ಆಗಿಲ್ಲವಲ್ಲ ಮಾರಾಯರೇ’ ಎಂದರು. ಹೇಗಾದೀತು? ಅಟ್ಟದಲ್ಲಿ ಇಲಿಗಳಿವೆ, ಕೊಟ್ಟಿಗೆಯಲ್ಲಿ ಹಲ್ಲಿಗಳಿವೆ. ಹಗಲಿನಲ್ಲಿ ವ್ರತ, ರಾತ್ರಿ ಟಾರಿನ್. ಅವರ ಮಗ ವಿನೋಬನಗರದಲ್ಲಿ ಬಾಡಿಗೆಗಿದ್ದಾನೆ. ಕಿಟಕಿಗಳಿಗೆಲ್ಲ ಜಾಲರಿ, ಹುಡುಕಿದರೂ ಇಲಿಯಿಲ್ಲ. ಅಲ್ಲಿಗೆ ಹೋದ ಮರಿ ಬರಿಯ ಹಾಲನ್ನದಲ್ಲಿ ಬದುಕಲಾರದು. ಅದಕ್ಕೆ ಟಾರಿನ್ ಇರುವ ಪೊಟ್ಟಣ ಬೇಕೇ ಬೇಕು, ಒಪ್ಪುತ್ತೇನೆ. ಮೂತ್ರಪಿಂಡ ಸೋತ ಮುದಿ ಬೆಕ್ಕಿಗೆ ರಂಜಕ ಕಡಿಮೆಯಿರುವ ಆಹಾರವೂ ಶೋಕಿಯಲ್ಲ, ಚಿಕಿತ್ಸೆ.

ಆದರೆ ಮೂತ್ರಪಿಂಡ ಸೋತಿದೆ ಎಂದು ಹೇಳುವವರು ಯಾರು? ಅಂಗಡಿಯ ಫಲಕದಲ್ಲಿ ‘ಉಚಿತ ಆಹಾರ ಸಲಹೆ’ ಎಂದಿದೆ. ಸಲಹೆಗಾರ ಹೋದ ವರ್ಷ ಇದೇ ಮಳಿಗೆಯಲ್ಲಿ ಮೊಬೈಲ್ ಕವರ್ ಮಾರುತ್ತಿದ್ದ. ಕರಿಯನಿಗೆ ಉಣುಗು ಕಚ್ಚಿ ಜ್ವರ ಬಂದು ವಸಡು ಬಿಳಿಚಿಕೊಂಡ ದಿನ ಪಶು ಆಸ್ಪತ್ರೆಗೆ ಬೀಗ. ಮೂರು ಊರಿಗೆ ಒಬ್ಬರೇ ವೈದ್ಯರು, ಅವರು ಅಂದು ನಾಲ್ಕನೆಯ ಊರಿನಲ್ಲಿ ಸಭೆಗೆ ಹೋಗಿದ್ದರು. ಆ ಮನುಷ್ಯನದೇನು ತಪ್ಪು? ನಾಯಿಯನ್ನು ಗೋಣಿಚೀಲದ ಮೇಲೆ ಮಲಗಿಸಿಕೊಂಡು ಬಾಡಿಗೆ ಜೀಪಿನಲ್ಲಿ ಶಿವಮೊಗ್ಗಕ್ಕೆ ಓಡಿದೆವು. ರಕ್ತ ಪರೀಕ್ಷೆಗೆ ನೂರಾರು ಮೈಲಿ ದೂರದವರಂತೆ ಅಲೆಯಬೇಕು, ಒಮೆಗಾ-3 ಎಂಬ ಕೊಬ್ಬಿನಾಂಶದ ಪೊಟ್ಟಣ ಮಾತ್ರ ಬಸ್ ನಿಲ್ದಾಣದ ಎದುರೇ ಸಿಗುತ್ತದೆ. ನಗು ಬರುವುದಿಲ್ಲ ಈಗ.

ಮಾತ್ರೆಯ ಜೊತೆಗೆ ಹುಡುಗ ತೋಳದ ಒಂದು ಸಣ್ಣ ಪೊಟ್ಟಣವನ್ನೂ ಮಾದರಿಗೆಂದು ಕೊಟ್ಟ. ಹಿಂಬದಿಯಲ್ಲಿ ಸೂಚನೆಯಿತ್ತು: ತೇವವಿಲ್ಲದ, ಒಣ ಜಾಗದಲ್ಲಿ ಇಡಿ. ಹೊರಗೆ ಆಷಾಢದ ಮಳೆ, ಹೊದಿಕೆಗೂ ಬೂಷ್ಟು. ನಮ್ಮ ಮನೆಯಲ್ಲಿ ಒಣಗಿರುವ ಜಾಗವೆಂದರೆ ಒಲೆಯ ಬುಡವೊಂದೇ, ಅಲ್ಲಿ ಆಗಲೇ ಕರಿಯ ಮಲಗಿದ್ದಾನೆ.