ಹನ್ನೊಂದು ನಿಮಿಷದ ರೋಮಾಂಚನ

1986ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಯಾರಿಗೂ ನೋವಾಗದಂಥ ಒಂದು ನಿರ್ಣಯ ಬಂತು. 1994ರ ಫುಟ್‌ಬಾಲ್ ವಿಶ್ವಕಪ್ಪನ್ನು ನಮ್ಮ ದೇಶದಲ್ಲೇ ನಡೆಸೋಣ, ಸದನದ ಬೆಂಬಲ ಇರಲಿ ಎಂಬಷ್ಟೇ ಅದರ ಸಾರ. ಹೂಂ ಅಂದು ಎದ್ದು ಊಟಕ್ಕೆ ಹೋಗಬಹುದಾದ ವಿಷಯ. ಆದರೆ ಜ್ಯಾಕ್ ಕೆಂಪ್ ಎಂಬ ಸದಸ್ಯರಿಗೆ ತಡೆದುಕೊಳ್ಳಲಾಗಲಿಲ್ಲ. ರಾಜಕೀಯಕ್ಕೆ ಬರುವ ಮೊದಲು ಬಫಲೊ ಬಿಲ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿ ನಡೆಸುವ ಮುಖ್ಯ ಆಟಗಾರ, ಆಗಿದ್ದವರು ಅವರು. ಎದ್ದು ನಿಂತು, ನಮ್ಮ ಅಮೆರಿಕನ್ ಫುಟ್‌ಬಾಲ್ ಎಂದರೆ ಪ್ರಜಾಸತ್ತೆ ಮತ್ತು ಬಂಡವಾಳಶಾಹಿ, ಸಾಕರ್ (ನಾವು ಫುಟ್‌ಬಾಲ್ ಅನ್ನುವ ಆಟಕ್ಕೆ ಅಲ್ಲಿನ ಹೆಸರು) ಎಂದರೆ ಯುರೋಪಿನ ಸಮಾಜವಾದಿ ಆಟ, ಈ ವ್ಯತ್ಯಾಸ ದಾಖಲಾಗಲಿ ಎಂದರು. ದಾಖಲಾಯಿತು.

ಆ ಬಂಡವಾಳಶಾಹಿ ಎಂಥದ್ದು ಅಂತ ಸ್ವಲ್ಪ ನೋಡಬೇಕು. ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ರಾಷ್ಟ್ರೀಯ ಟಿವಿ ಹಕ್ಕಿನಿಂದ ಬಂದ ದುಡ್ಡನ್ನು ಗೆದ್ದವರು ಸೋತವರು ಎನ್ನದೆ ಎಲ್ಲರೂ ಸಮನಾಗಿ ಹಂಚಿಕೊಳ್ಳುತ್ತಾರೆ. ಯಾವ ತಂಡವೂ ಆಟಗಾರರ ಸಂಬಳಕ್ಕೆ ಇಷ್ಟಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ ಎಂಬ ಮಿತಿ 1994ರಿಂದ ಇದೆ. ಎಷ್ಟೇ ಕೆಟ್ಟದಾಗಿ ಆಡಿದರೂ ಲೀಗಿನಿಂದ ಹೊರಹಾಕುವವರಿಲ್ಲ. ಅಷ್ಟು ಸಾಲದೆಂದು, ಎಲ್ಲರಿಗಿಂತ ಕೆಟ್ಟದಾಗಿ ಆಡಿದವರಿಗೆ ಮರುವರ್ಷ ಕಾಲೇಜಿನಿಂದ ಬರುವ ಹುಡುಗರಲ್ಲಿ ಮೊದಲ ಆಯ್ಕೆಯ ಹಕ್ಕು. 2008ರಲ್ಲಿ ಡೆಟ್ರಾಯಿಟ್ ಲಯನ್ಸ್ ಹದಿನಾರಕ್ಕೆ ಹದಿನಾರೂ ಪಂದ್ಯ ಸೋತಿತು. ಆ ಸಾಧನೆಗೆ ಮ್ಯಾಥ್ಯೂ ಸ್ಟ್ಯಾಫರ್ಡ್ ಎಂಬ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಸಿಕ್ಕಿದ. 2017ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕೂಡ ಅದೇ ದಾಖಲೆ ಮಾಡಿತು. ಅಲ್ಲಿನ ಅಭಿಮಾನಿಗಳು ಜನವರಿಯ ಕೊರೆಯುವ ಚಳಿಯಲ್ಲಿ ಸ್ಟೇಡಿಯಮ್ ಸುತ್ತ ಮೆರವಣಿಗೆ ಹೊರಟು, ಒಂದೂ ಕಳಂಕವಿಲ್ಲದ ಸೋಲನ್ನು ಸಂಭ್ರಮಿಸಿದರು. ಬಹುಮಾನ ಅವರಿಗೂ ಬಂತು.

ಸಮಾಜವಾದಿ ಯುರೋಪಿನಲ್ಲಿ ಹೀಗಿಲ್ಲ. ಇಂಗ್ಲೆಂಡಿನಲ್ಲಿ ಕೊನೆಯ ಮೂರು ಸ್ಥಾನಕ್ಕೆ ಬಿದ್ದರೆ ಕತ್ತು ಹಿಡಿದು ಕೆಳಗಿನ ದರ್ಜೆಗೆ ದಬ್ಬುತ್ತಾರೆ. ಟಿವಿ ದುಡ್ಡು ಹೋಯಿತು, ಒಳ್ಳೆಯ ಆಟಗಾರರು ಹೋದರು, ಊರಿನ ಮರ್ಯಾದೆಯೂ ಹೋಯಿತು. 2016ರಲ್ಲಿ ಚಾಂಪಿಯನ್ ಆಗಿ ಜಗತ್ತನ್ನೇ ಬೆರಗುಗೊಳಿಸಿದ ಲೆಸ್ಟರ್ ಸಿಟಿಯನ್ನು 2023ರಲ್ಲಿ ಅದೇ ರೀತಿ ದಬ್ಬಿದರು. ಹಳೇ ಕಪ್ಪು ತೋರಿಸಿದರೆ ರಿಯಾಯಿತಿ ಸಿಗಲಿಲ್ಲ. ಮಾರ್ಕ್ಸ್ ಬದುಕಿದ್ದರೆ ಯಾವ ಲೀಗಿಗೆ ಸದಸ್ಯತ್ವ ತೆಗೆದುಕೊಳ್ಳುತ್ತಿದ್ದ ಎಂದು ಕೆಂಪ್ ಅವರನ್ನು ಯಾರೂ ಕೇಳಿದಂತಿಲ್ಲ.

ಸಿದ್ಧಾಂತದ ಮಾತು ಹಾಗಿರಲಿ. ಸಾಕರ್ ಮೇಲೆ ಅಮೆರಿಕದ ಸಾಮಾನ್ಯ ಪ್ರೇಕ್ಷಕನ ದೂರು ಒಂದೇ: ಬೋರು. ತೊಂಬತ್ತು ನಿಮಿಷ ಅತ್ತಿಂದಿತ್ತ ಓಡಾಡುತ್ತಾರೆ, ಏನೂ ನಡೆಯುವುದಿಲ್ಲ.

ಏನಾದರೂ ನಡೆಯುವ ಆಟ ಅಂದರೆ ಹೇಗಿರುತ್ತದೆ? 2010ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಗಡಿಯಾರ ಹಿಡಿದು ಕೂತು ಎನ್‌ಎಫ್‌ಎಲ್ ಪಂದ್ಯಗಳನ್ನು ಅಳೆಯಿತು. ಮೂರು ಗಂಟೆಗೂ ಮೀರಿದ ಪ್ರಸಾರದಲ್ಲಿ ಚೆಂಡು ನಿಜಕ್ಕೂ ಆಟದಲ್ಲಿರುವುದು ಸುಮಾರು ಹನ್ನೊಂದು ನಿಮಿಷ. ಉಳಿದ ಹೊತ್ತಿನಲ್ಲಿ ಆಟಗಾರರು ದುಂಡಗೆ ನಿಂತು ಪಿಸುಗುಟ್ಟುತ್ತಾರೆ. ತರಬೇತುದಾರ ಬಾಯಿಗೆ ಕಾಗದ ಅಡ್ಡ ಹಿಡಿದು ಗುಟ್ಟು ಹೇಳುತ್ತಾನೆ. ಪಟ್ಟೆ ಅಂಗಿಯ ಅಂಪೈರುಗಳು, 2025ರಲ್ಲಿ ಆ ಕೆಲಸ ಕ್ಯಾಮೆರಾಗಳ ಪಾಲಾಗುವವರೆಗೆ, ಸರಪಳಿ ತರಿಸಿ ನೆಲ ಅಳೆಯುತ್ತಿದ್ದರು, ಥೇಟ್ ಸರ್ವೆ ಇಲಾಖೆಯವರ ಹಾಗೆ. ನಡುನಡುವೆ ಟ್ರಕ್ಕು, ಬಿಯರು, ವಿಮೆ, ಮಂಡಿನೋವಿನ ಮಾತ್ರೆ. ಮೂರು ಗಂಟೆಯ ಮದುವೆಯಲ್ಲಿ ಮಾಂಗಲ್ಯಧಾರಣೆ ಹನ್ನೊಂದು ನಿಮಿಷ, ಮಿಕ್ಕಿದ್ದೆಲ್ಲ ಫೋಟೊಗ್ರಾಫರ್‌ನದು. ಮದುವೆಗಾದರೆ ಊಟ ಇರುತ್ತದೆ ಅನ್ನಬಹುದು. ಅಲ್ಲೂ ಇದೆ, ಕೋಳಿರೆಕ್ಕೆ. ಸೋಫಾದಿಂದ ಏಳದೆ ಅದನ್ನು ತಿನ್ನಲು ಬಿಡುವು ಬೇಕಲ್ಲ, ಆ ಬಿಡುವೇ ಆಟ. ನಲವತ್ತೈದು ನಿಮಿಷ ನಿಲ್ಲದೆ ಓಡುವ ಸಾಕರ್‌ನಲ್ಲಿ ಒಂದು ಸಲ ಫ್ರಿಜ್ ತೆಗೆಯಲು ಹೋದರೆ ಗೋಲು ತಪ್ಪಿಹೋಗುತ್ತದೆ. ಏನೂ ನಡೆಯದ ಆಟದಲ್ಲಿ ಹೀಗೇಕೆ ಆಗುತ್ತದೋ ಗೊತ್ತಿಲ್ಲ.

ಗೋಲು ಕಮ್ಮಿ ಎಂಬ ತಕರಾರಂತೂ ಲೆಕ್ಕದ ಮೇಷ್ಟರಿಗೆ ಹೇಳುವಂಥದ್ದು. ಅಮೆರಿಕನ್ ಫುಟ್‌ಬಾಲಿನಲ್ಲಿ ಒಂದು ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ್ದಕ್ಕೆ, ಆರು ಪಾಯಿಂಟು, ಮೇಲೆ ಒಂದು ಕೊಸರು, ಒಟ್ಟು ಏಳು. ಪಂದ್ಯ 21-14 ಆಯಿತೆಂದರೆ ಅಂಕಗಳ ಸುರಿಮಳೆ, ಜನ ಕುರ್ಚಿಯ ತುದಿಯಲ್ಲಿ. ಅದೇ ಮೂರು-ಎರಡನ್ನು ಸಾಕರ್‌ನವರು 3-2 ಎಂದು ಪ್ರಾಮಾಣಿಕವಾಗಿ ಬರೆದು ಕೆಟ್ಟರು. ಫಿಫಾದವರು ನಾಳೆಯಿಂದ ಗೋಲಿಗೆ ಏಳು ಪಾಯಿಂಟು ಎಂದು ಸುತ್ತೋಲೆ ಹೊರಡಿಸಲಿ, ಬೋರು ಅರ್ಧ ಇಳಿಯುತ್ತದೆ. 2019ರ ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್ ಫೈನಲ್, ಅಟ್ಲಾಂಟಾದಲ್ಲಿ ನಡೆಯಿತು. ದೇಶಕ್ಕೆ ದೇಶವೇ ಟಿವಿ ಮುಂದೆ. ನ್ಯೂ ಇಂಗ್ಲೆಂಡ್ 13, ಲಾಸ್ ಏಂಜಲೀಸ್ 3. ಇಡೀ ರಾತ್ರಿಗೆ ಟಚ್‌ಡೌನ್ ಒಂದೇ ಒಂದು. ಅಂದರೆ ಸಾಕರ್ ಲೆಕ್ಕದಲ್ಲಿ 1-0. ಅದನ್ನು ರಕ್ಷಣಾಕಲೆಯ ಮೇರುಕೃತಿ ಎಂದು ಹೊಗಳಿದವರು ಇದ್ದರು. ಇಟಲಿಯವರು ಸಾಕರ್‌ನಲ್ಲಿ ಅದೇ ಕಲೆಯನ್ನು ದಶಕಗಟ್ಟಲೆ ತೋರಿಸಿದಾಗ ನಿದ್ದೆ ಬಂದಿತ್ತು.

ಡ್ರಾ ಎಂಬುದಂತೂ ಅಮೆರಿಕದವರಿಗೆ ಅರಗದು. ಎರಡು ತಂಡ ಆಡಿದ ಮೇಲೆ ಒಬ್ಬ ಗೆಲ್ಲಲೇಬೇಕು, ಇನ್ನೊಬ್ಬ ಅಳಲೇಬೇಕು. 2008ರ ನವೆಂಬರಿನಲ್ಲಿ ಫಿಲಡೆಲ್ಫಿಯಾ ಮತ್ತು ಸಿನ್ಸಿನಾಟಿ ನಡುವಿನ ಎನ್‌ಎಫ್‌ಎಲ್ ಪಂದ್ಯ 13-13ರಲ್ಲಿ ಮುಗಿಯಿತು. ಆಗ ಫಿಲಡೆಲ್ಫಿಯಾದ ಡಾನವನ್ ಮೆಕ್‌ನ್ಯಾಬ್, ನಮ್ಮ ಆಟದಲ್ಲಿ ಹೀಗೂ ಮುಗಿಯಬಹುದು ಅಂತ ನನಗೆ ಗೊತ್ತೇ ಇರಲಿಲ್ಲ ಎಂದರು. ಅದು ಅವರು ಲೀಗ್‌ಗೆ ಬಂದ ಹತ್ತನೇ ಹಂಗಾಮು. ಕಾಲೇಜು ಫುಟ್‌ಬಾಲಿನವರು 1996ರಲ್ಲಿ ಡ್ರಾವನ್ನೇ ನಿಷೇಧಿಸಿ, ಫಲಿತಾಂಶ ಬರುವವರೆಗೆ ಹೆಚ್ಚುವರಿ ಅವಧಿ ಎಂದು ಮಾಡಿಕೊಂಡರು. 2018ರಲ್ಲಿ ಟೆಕ್ಸಸ್ ಎ ಆ್ಯಂಡ್ ಎಂ ಮತ್ತು ಎಲ್‌ಎಸ್‌ಯು ಎಂಬ ಎರಡು ವಿಶ್ವವಿದ್ಯಾಲಯಗಳ ತಂಡಗಳು ಏಳು ಹೆಚ್ಚುವರಿ ಅವಧಿ ಆಡಿ 74-72ಕ್ಕೆ ಬಂದು ನಿಂತವು.

ಸಾಕರ್‌ಗೂ ಇದೇ ಔಷಧಿ ಕುಡಿಸಿದರು. 1996ರಲ್ಲಿ ಶುರುವಾದ ಎಂಎಲ್‌ಎಸ್ ಎಂಬ ಅಮೆರಿಕದ ಸಾಕರ್ ಲೀಗಿನಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿತ್ತು, ರಾಕೆಟ್ ಹಾರಿಸುವಾಗ ಎಣಿಸುವ ಹಾಗೆ. ಡ್ರಾ ಆದರೆ ಆಟಗಾರ 35 ಗಜ ದೂರದಿಂದ ಚೆಂಡು ಉರುಳಿಸಿಕೊಂಡು ಬರಬೇಕು, ಐದು ಸೆಕೆಂಡಿನೊಳಗೆ ಗೋಲ್‌ಕೀಪರನ್ನು ದಾಟಿಸಿ ಹೊಡೆಯಬೇಕು. ಪೆಲೆಯನ್ನು 1975ರಲ್ಲಿ ನ್ಯೂಯಾರ್ಕ್ ಕಾಸ್ಮೋಸ್‌ಗೆ ಕರೆತಂದ ಹಳೆಯ ಲೀಗಿನವರು ಕಂಡುಹಿಡಿದ ಸರ್ಕಸ್ ಇದು. ಆ ಲೀಗಿನ ಕೊನೆಯ ಹಂಗಾಮು 1984ರಲ್ಲೇ ಮುಗಿದಿತ್ತು. ಸತ್ತವನ ಚೀಟಿಯಲ್ಲಿದ್ದ ಮಾತ್ರೆಯನ್ನೇ ಹೊಸ ರೋಗಿಗೂ ಕೊಟ್ಟು, ನಾಲ್ಕು ವರ್ಷ ನೋಡಿ, ಕೊನೆಗೆ ಕೈಬಿಟ್ಟರು.

ಇಷ್ಟಾದರೂ ಕಾಯಿಲೆ ಬೋರಿನದಲ್ಲ ಎಂಬ ಅನುಮಾನ ನನಗೆ. 1967ರ ಒಂದು ಪ್ರಸಂಗ ಕೇಳಿ. ಸಿಬಿಎಸ್ ವಾಹಿನಿ ಮೊದಲ ಬಾರಿಗೆ ವೃತ್ತಿಪರ ಸಾಕರ್ ಲೀಗನ್ನು ದೇಶಕ್ಕೆಲ್ಲ ತೋರಿಸುತ್ತಿತ್ತು. ದುಡ್ಡು ಹಾಕಿದವರಿಗೆ ಬೇಗನೆ ತಿಳಿಯಿತು, ಈ ದರಿದ್ರ ಆಟ ನಿಲ್ಲುವುದೇ ಇಲ್ಲ, ಜಾಹೀರಾತು ಎಲ್ಲಿ ತುರುಕುವುದು? ಟೊರಾಂಟೊ ಮತ್ತು ಪಿಟ್ಸ್‌ಬರ್ಗ್ ಪಂದ್ಯದ ರೆಫರಿ, ತಾನು ಊದಿದ 21 ಫೌಲ್‌ಗಳಲ್ಲಿ 11 ಜಾಹೀರಾತಿಗೆ ಜಾಗ ಮಾಡಿಕೊಡಲಿಕ್ಕಾಗಿ ಎಂದು ಒಪ್ಪಿಕೊಂಡದ್ದು ಆಗ ದೊಡ್ಡ ಸುದ್ದಿ. ಮೈಮೇಲೆ ಬೀಪ್ ಅನ್ನುವ ಯಂತ್ರ ಕಟ್ಟಿಕೊಂಡಿದ್ದರಂತೆ. ಬೀಪ್ ಅಂದಾಗ ಯಾರೋ ಪಾಪದವನು ತಪ್ಪಿತಸ್ಥ. ಆಟದ ಚರಿತ್ರೆಯಲ್ಲಿ ಬಿಯರ್ ಕಂಪನಿಗಾಗಿ ಫೌಲ್ ಮಾಡಿದ ಮೊದಲ ಡಿಫೆಂಡರ್ ಯಾರೆಂದು ಯಾರಾದರೂ ಪಿಎಚ್‌ಡಿ ಮಾಡಬೇಕು.

ಇನ್ನು, ಗೋಲಿಲ್ಲದ ಪಂದ್ಯವನ್ನು ಅಮೆರಿಕದವರು ನೋಡುವುದಿಲ್ಲ ಎಂಬ ಮಾತು. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ರೋಸ್ ಬೌಲ್ ಎಂಬ ಸ್ಟೇಡಿಯಮ್ ಇದೆ. 1994ರಲ್ಲಿ ಬ್ರೆಜಿಲ್ ಮತ್ತು ಇಟಲಿ ಅಲ್ಲಿ ಫೈನಲ್ ಆಡಿದವು. 120 ನಿಮಿಷ, ಸೊನ್ನೆ-ಸೊನ್ನೆ. ನೋಡಲು ಬಂದವರು 94 ಸಾವಿರ. ಐದು ವರ್ಷ ಬಿಟ್ಟು ಅಲ್ಲೇ ಮಹಿಳಾ ವಿಶ್ವಕಪ್ ಫೈನಲ್, ಅಮೆರಿಕ ಮತ್ತು ಚೀನಾ. ಮತ್ತೆ 120 ನಿಮಿಷ, ಮತ್ತೆ ಸೊನ್ನೆ-ಸೊನ್ನೆ, ಮತ್ತೆ 90 ಸಾವಿರ ಜನ. ಪೆನಾಲ್ಟಿಯಲ್ಲಿ ಬ್ರ್ಯಾಂಡಿ ಚಾಸ್ಟೇನ್ ಕೊನೆಯ ಹೊಡೆತ ಹೊಡೆದು ಮಂಡಿಯೂರಿದ ಫೋಟೊ ಇವತ್ತಿಗೂ ಆ ದೇಶದ ಕ್ರೀಡಾಪುಟಗಳಲ್ಲಿ ರಾರಾಜಿಸುತ್ತದೆ. ಒಂದೂ ಗೋಲಿಲ್ಲದ ಎರಡು ಫೈನಲ್‌ಗಳನ್ನು ಒಂದೇ ಮೈದಾನದಲ್ಲಿ, ಟಿಕೆಟ್ ಕೊಂಡು, ತುಂಬಿ ತುಳುಕಿ ನೋಡಿದ ದೇಶ ಅದು. ಯಾರಿಗೆ ಬೋರಾಯಿತು ಅಂದರೆ ಪತ್ರಿಕೆಗಳಲ್ಲಿ ಅಂಕಣ ಬರೆಯುವವರಿಗೆ.

ಅಂಥವರಲ್ಲಿ ಆ್ಯನ್ ಕೋಲ್ಟರ್ ಎಂಬವರನ್ನು ನೆನೆಯದೆ ಇರಲಾಗದು. 2014ರ ಜೂನಿನಲ್ಲಿ, ಬ್ರೆಜಿಲ್‌ನಲ್ಲಿ ವಿಶ್ವಕಪ್ ನಡೆಯುತ್ತಿದ್ದಾಗ, ಸಾಕರ್ ಮೇಲಿನ ಆಸಕ್ತಿ ಹೆಚ್ಚುತ್ತಿರುವುದು ದೇಶದ ನೈತಿಕ ಅಧಃಪತನದ ಲಕ್ಷಣ ಎಂದು ಬರೆದರು. ಆಟ ಎನಿಸಿಕೊಳ್ಳಬೇಕಾದರೆ ಒಂದೋ ಘೋರ ಅವಮಾನ, ಇಲ್ಲವೇ ಭಾರೀ ಗಾಯ, ಎರಡರಲ್ಲೊಂದರ ಭಯವಾದರೂ ಇರಬೇಕು, ಸಾಕರ್‌ನಲ್ಲಿ ಅದಿಲ್ಲ ಎಂಬುದೂ ಅವರ ವಾದಗಳಲ್ಲೊಂದು. ಕೆಲವೇ ದಿನಗಳಲ್ಲಿ, ಅದೂ ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರಂದು, ನೇಮಾರ್‌ನ ಬೆನ್ನುಮೂಳೆ ಮುರಿಯಿತು. ಜುಲೈ 8ರಂದು ಬ್ರೆಜಿಲ್ ತನ್ನದೇ ನೆಲದಲ್ಲಿ ಜರ್ಮನಿಯ ಕೈಲಿ 7-1ರಿಂದ ಸೋತು, ಇಡೀ ಸ್ಟೇಡಿಯಮ್ಮು ಮಕ್ಕಳ ಹಾಗೆ ಅತ್ತಿತು. ಅಂಕಣಕಾರರ ಶರತ್ತನ್ನು ಎರಡು ವಾರದೊಳಗೆ ಬಡ್ಡಿ ಸಮೇತ ತೀರಿಸಿದ ಆಟ ಇನ್ನೊಂದಿಲ್ಲ.

ನನ್ನ ಷಡ್ಡಕರು ನ್ಯೂಜೆರ್ಸಿಯಲ್ಲಿದ್ದಾರೆ, ದಾವಣಗೆರೆಯವರು. ಅಲ್ಲಿಗೆ ಹೋದ ಮೇಲೆ ಅವರಿಗೂ ಸಾಕರ್ ಬೋರಾಗಲು ಶುರುವಾಗಿದೆ.

“ಅಲ್ಲ ಅಣ್ಣಾ, ತೊಂಬತ್ತು ನಿಮಿಷ ಕೂತು ಕೊನೆಗೆ ಒಂದ್-ಒಂದು ಡ್ರಾ ಅಂದ್ರೆ ಹೆಂಗೆ? ಯಾರಿಗಾದ್ರೂ ತಾಳ್ಮೆ ಇರ್ತದಾ?”

“ನೀವು ದೂರದರ್ಶನದಲ್ಲಿ ಐದು ದಿನ ಟೆಸ್ಟ್ ನೋಡಿ, ಡ್ರಾ ಆದ್ಮೇಲೆ ಸಂಜೆ ಹೈಲೈಟ್ಸೂ ನೋಡ್ತಿದ್ರಲ್ಲ ಮಾರಾಯ್ರೆ.”

“ಅದು ಬೇರೆ ಬಿಡ್ರಿ,” ಅಂದರು. ಅದು ಬೇರೆಯೇ. ಟೆಸ್ಟಿನಲ್ಲಿ ಟೀ ವಿರಾಮ ಇರುತ್ತದೆ.

ಸಾಕರ್‌ಗೂ ಈಗ ಸಿಕ್ಕಿದೆ. 2026ರ ವಿಶ್ವಕಪ್ಪಿಗೆ ಅಮೆರಿಕ, ಕೆನಡಾ, ಮೆಕ್ಸಿಕೊ ಜಂಟಿ ಆತಿಥೇಯರು, 48 ತಂಡ, 104 ಪಂದ್ಯ. ಫಿಫಾ ಪ್ರಕಟಿಸಿದ ನಿಯಮದಂತೆ ಪ್ರತಿ ಅರ್ಧದ 22ನೇ ನಿಮಿಷದಲ್ಲಿ ಆಟ ನಿಲ್ಲಿಸಿ ಮೂರು ನಿಮಿಷ ನೀರು ಕುಡಿಸಬೇಕು. ಆಟಗಾರರ ಆರೋಗ್ಯದ ದೃಷ್ಟಿಯಿಂದ. ಬಿಸಿಲಿದ್ದರೂ ಸರಿ, ಇಲ್ಲದಿದ್ದರೂ ಸರಿ. ಅಟ್ಲಾಂಟಾ, ಹ್ಯೂಸ್ಟನ್, ಡಲ್ಲಾಸ್‌ಗಳಲ್ಲಿ ಮೇಲೆ ಛಾವಣಿ, ಒಳಗೆ ಏಸಿ. ಅಲ್ಲಿಗೂ ನೀರು ಬಿಟ್ಟಿದ್ದಲ್ಲ. ಏಸಿಯಲ್ಲೂ ಬಾಯಾರುವುದು ಆಟಗಾರನಿಗೋ ಪ್ರಾಯೋಜಕನಿಗೋ ಎಂಬ ಪ್ರಶ್ನೆ ಐಪಿಎಲ್ ನೋಡಿದ ಕನ್ನಡಿಗನಿಗೆ ಏಳುವುದಿಲ್ಲ. 2009ರಲ್ಲೇ ನಮಗೆ ‘ಸ್ಟ್ರಾಟೆಜಿಕ್ ಟೈಮ್ ಔಟ್’ ಎಂದು ಹೆಸರಿಟ್ಟು ಕೊಟ್ಟಿದ್ದಾರೆ, ಸ್ಟ್ರಾಟೆಜಿ ಯಾರದೆಂದು ನಮಗೆ ಚೆನ್ನಾಗಿ ಗೊತ್ತು. ಎರಡು ಅರ್ಧಗಳ ಆಟ ಹೀಗೆ ಸದ್ದಿಲ್ಲದೆ ನಾಲ್ಕು ಕ್ವಾರ್ಟರುಗಳ ಆಟವಾಯಿತು.

ಫೈನಲ್‌ಗೆ ಮಧ್ಯಂತರದಲ್ಲಿ ಸೂಪರ್ ಬೌಲ್ ಮಾದರಿಯ ಹಾಡು-ಕುಣಿತವನ್ನೂ ಘೋಷಿಸಿದರು. ವಿರಾಮ 15 ನಿಮಿಷ ಮೀರಬಾರದು ಎಂಬ ನಿಯಮ ಪುಸ್ತಕದಲ್ಲಿ ಇದೆ, ಅಲ್ಲಿಯೇ ಇರಲಿ. ಟಿಕೆಟ್ಟು ಗುಂಪು ಹಂತದಲ್ಲಿ 60 ಡಾಲರಿನಿಂದ ಶುರು, ಫೈನಲ್‌ಗೆ 6,730 ಡಾಲರಿನವರೆಗೆ ಎಂದು ಮೊದಲು ಸಾರಿದರು. ಬೇಡಿಕೆ ಏರಿದ ಹಾಗೆ ದರವೂ ಏರುತ್ತದೆ ಎಂದು ಕೆಳಗೆ ಸಣ್ಣಕ್ಷರ. ಕೆಂಪ್ ಇದನ್ನು ನೋಡಿದ್ದರೆ ಸಮಾಜವಾದದ ಆರೋಪವನ್ನು ಬೇಷರತ್ತಾಗಿ ಹಿಂತೆಗೆದುಕೊಳ್ಳುತ್ತಿದ್ದರು.

ಇದಕ್ಕೆಲ್ಲ ತಾಲೀಮು 2025ರ ಕ್ಲಬ್ ವಿಶ್ವಕಪ್ಪಿನಲ್ಲೇ ನಡೆದಿತ್ತು. ಜೂನ್ 28, ಶಾರ್ಲಟ್ ನಗರ, ಚೆಲ್ಸಿ ಮತ್ತು ಬೆನ್ಫಿಕಾ. ಆಟ ಮುಗಿಯಲು ನಾಲ್ಕೇ ನಿಮಿಷ ಇರುವಾಗ, ಚೆಲ್ಸಿ 1-0ರಿಂದ ಮುಂದಿರುವಾಗ, ಮಿಂಚಿನ ಎಚ್ಚರಿಕೆ ಬಂತು. ಎಲ್ಲರೂ ಒಳಗೆ. ಸುಮಾರು ಎರಡು ಗಂಟೆ ಖಾಲಿ ಹುಲ್ಲು. ಮತ್ತೆ ಶುರುವಾದ ಮೇಲೆ ಬೆನ್ಫಿಕಾ ಪೆನಾಲ್ಟಿಯಲ್ಲಿ ಸಮ ಮಾಡಿತು, ಹೆಚ್ಚುವರಿ ಸಮಯದಲ್ಲಿ ಚೆಲ್ಸಿ ಮೂರು ಹೊಡೆದು 4-1ಕ್ಕೆ ಗೆದ್ದಿತು. ಶುರುವಿನಿಂದ ಕೊನೆಗೆ ನಾಲ್ಕು ಗಂಟೆ 38 ನಿಮಿಷ. ಚೆಲ್ಸಿಯ ಕೋಚ್ ಎಂಝೊ ಮರೆಸ್ಕಾ, ಇದು ತಮಾಷೆ, ಇದು ಫುಟ್‌ಬಾಲೇ ಅಲ್ಲ ಎಂದು ಸಿಡಿಮಿಡಿಗೊಂಡರು. ಇಟಲಿಯ ಮನುಷ್ಯ, ಅರ್ಥವಾಗಲಿಲ್ಲ. ಐದು ಗೋಲು, ಡ್ರಾ ಇಲ್ಲ, ಒಬ್ಬ ಗೆದ್ದ, ಇನ್ನೊಬ್ಬ ಅತ್ತ, ನಡುವೆ ಎರಡು ಗಂಟೆ ಏನೇನೂ ನಡೆಯಲಿಲ್ಲ. ಅಮೆರಿಕದ ಪ್ರೇಕ್ಷಕ ಇಷ್ಟು ವರ್ಷ ಕಾಯುತ್ತಿದ್ದ ರೋಚಕ ಸಾಕರ್ ಪಂದ್ಯ ಅದೇ ಆಗಿತ್ತು.