ಹತ್ತು ಅಂದರೆ ಹದಿನೆಂಟು

ಅಮೆರಿಕದಲ್ಲಿ ‘ಬಿಗ್ ಟೆನ್’ ಅಂತ ಒಂದು ಕೂಟ ಇದೆ. ಹೆಸರಲ್ಲಿ ಹತ್ತು, ಒಳಗಿರುವ ವಿಶ್ವವಿದ್ಯಾಲಯಗಳು ಹದಿನೆಂಟು. ‘ಬಿಗ್ ಟ್ವೆಲ್ವ್’ ಅಂತ ಇನ್ನೊಂದಿದೆ. ಅದರಲ್ಲಿ ಹದಿನಾರು. ಅಟ್ಲಾಂಟಿಕ್ ಕರಾವಳಿಯ ಹೆಸರಿಟ್ಟುಕೊಂಡ ಎಸಿಸಿ ಎಂಬ ಕೂಟದಲ್ಲಿ 2024ರಿಂದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಇವೆ. ಇವೆರಡೂ ಇರುವುದು ಪೆಸಿಫಿಕ್ ಕಡೆಗೆ. ಲೆಕ್ಕ ಹೋಯಿತು, ಭೂಗೋಳವೂ ಹೋಯಿತು. ಇವೆಲ್ಲ ಪಿಎಚ್.ಡಿ. ಕೊಡುವ ಸಂಸ್ಥೆಗಳು, ಮರೆಯಬೇಡಿ.

ಈ ಕೂಟಕ್ಕೆ ಅಲ್ಲಿ ಕಾನ್ಫರೆನ್ಸ್ ಎನ್ನುತ್ತಾರೆ. ನಮ್ಮ ಮೇಷ್ಟ್ರುಗಳು ಪೇಪರ್ ಓದಿ, ಊಟ ಮುಗಿಸಿ, ಬ್ಯಾಗು ಸರ್ಟಿಫಿಕೇಟು ತಗೊಂಡು ಬರುತ್ತಾರಲ್ಲ, ಆ ಕಾನ್ಫರೆನ್ಸ್ ಅಲ್ಲ. ಕಾಲೇಜು ತಂಡಗಳು ಒಟ್ಟಿಗೆ ಆಡುವ ಕೂಟ ಇದು. ಆಟಗಳು ಬೇಕಾದಷ್ಟಿವೆ, ಲೆಕ್ಕಕ್ಕೆ ಬರುವುದು ಫುಟ್‌ಬಾಲ್ ಮಾತ್ರ. ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. 2022ರಲ್ಲಿ ಬಿಗ್ ಟೆನ್ ಏಳು ವರ್ಷಕ್ಕೆ ಮಾಡಿಕೊಂಡ ಟಿವಿ ಒಪ್ಪಂದ 700 ಕೋಟಿ ಡಾಲರಿಗೂ ಜಾಸ್ತಿ. ಇಷ್ಟು ದುಡ್ಡು ಬಂದ ಮೇಲೆ ಎಣಿಸಲು ಬರುತ್ತದೋ ಇಲ್ಲವೋ ಅಂತ ಯಾರು ಕೇಳುತ್ತಾರೆ?

ಈ ಎಣಿಕೆಯ ಕಷ್ಟ ಹಳೆಯದು. 1990ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿ ಬಿಗ್ ಟೆನ್ ಹನ್ನೊಂದಾಯಿತು. ಹೆಸರು ಬಿಡಲು ಮನಸ್ಸಿಲ್ಲ, ಸುಳ್ಳು ಹೇಳಲು ಸಂಕೋಚ. ಕೊನೆಗೆ ಲೋಗೊದಲ್ಲಿ ‘ಟಿ’ ಅಕ್ಷರದ ಎರಡೂ ಪಕ್ಕದ ಖಾಲಿ ಜಾಗದಲ್ಲಿ 11 ಅನ್ನು ಬಚ್ಚಿಟ್ಟರು. ಕಣ್ಣು ಕಿರಿದು ಮಾಡಿ ನೋಡಿದರೆ ಕಾಣುತ್ತದೆ. ಹನ್ನೆರಡನೆಯದಾಗಿ ನೆಬ್ರಾಸ್ಕ ಬರುವ ಹೊತ್ತಿಗೆ ಹೊಸ ಲೋಗೊ ಬಂತು. ಅದರಲ್ಲಿ ಬಚ್ಚಿಟ್ಟದ್ದು ಮತ್ತೆ 10!

ನೆಬ್ರಾಸ್ಕದ ಕಥೆ ಇನ್ನೂ ಚೆಂದ. ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳಿಗೆ ಎಎಯು ಎಂಬ ಸಂಘವಿದೆ. ‘ನಮ್ಮಲ್ಲಿ ಎಲ್ಲರೂ ಅದರ ಸದಸ್ಯರು’ ಅನ್ನುವುದು ಆಗ ಬಿಗ್ ಟೆನ್‌ನವರ ಹೆಮ್ಮೆಯಾಗಿತ್ತು. 2010ರಲ್ಲಿ ನೆಬ್ರಾಸ್ಕವನ್ನು ಕರೆದರು. 2011ರ ಏಪ್ರಿಲ್‌ನಲ್ಲಿ ಎಎಯು ನೆಬ್ರಾಸ್ಕವನ್ನು ಹೊರಹಾಕಿತು. ಜುಲೈನಲ್ಲಿ ಅದು ಬಿಗ್ ಟೆನ್ ಸೇರಿತು. ನಿಶ್ಚಿತಾರ್ಥಕ್ಕೆ ಇದ್ದ ಕೆಲಸ ಮದುವೆ ಹೊತ್ತಿಗೆ ಹೋಗಿತ್ತು, ಆದರೂ ತಾಳಿ ಕಟ್ಟಿಸಿದರು. ಹುಡುಗ ಫುಟ್‌ಬಾಲ್ ಚೆನ್ನಾಗಿ ಆಡುತ್ತಿದ್ದನಲ್ಲ! ಆಮೇಲೆ ಅದೂ ಕೈಕೊಟ್ಟಿತು, ಆ ಮಾತು ಬೇರೆ.

ಎದುರಾಳಿ ಯಾರು ಅಂದರೆ ದಕ್ಷಿಣದ ರಾಜ್ಯಗಳ ಎಸ್‌ಇಸಿ ಎಂಬ ಕೂಟ. 2006ರಿಂದ 2012ರವರೆಗೆ ಸತತ ಏಳು ಸಲ ರಾಷ್ಟ್ರೀಯ ಚಾಂಪಿಯನ್ ಪಟ್ಟ ಅವರಿಗೇ ಹೋಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಬಿಗ್ ಟೆನ್‌ನವರು ನೆಲದ ತಂಟೆಗೆ ಹೋಗಲಿಲ್ಲ, ಕುಣಿಯುವವರಿಗೆ ಓದು ಬರಲ್ಲ ಅಂದರು. ಹುಡುಗರು ಅಂದಿದ್ದರೆ ಬಿಡಿ. 2012ರಲ್ಲಿ ಬಿಗ್ ಟೆನ್‌ನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಕ್ಷ ಗಾರ್ಡನ್ ಗೀ ಸಭೆಯಲ್ಲೇ ಹೇಳಿದರು. ಬಿಗ್ ಟೆನ್‌ನಲ್ಲಿ ಹದಿನಾಲ್ಕು ತಂಡ ಆಗುತ್ತಿದೆ, ನಿಮಗೆ ಎಣಿಸಲು ಬರಲ್ಲ ಅಂತ ಎಸ್‌ಇಸಿಯವರು ಆಡಿಕೊಳ್ಳುತ್ತಾರಲ್ಲ ಎಂದು ಯಾರೋ ಕೇಳಿದ್ದರು. ಅವರು ಮೊದಲು ಓದು ಬರಹ ಕಲಿಯಲಿ, ಆಮೇಲೆ ನಾವೇನು ಮಾಡುತ್ತಿದ್ದೇವೆ ಅಂತ ಗೊತ್ತಾಗುತ್ತದೆ ಎಂಬರ್ಥದ ಉತ್ತರ ಬಂತು. ಮರುವರ್ಷ ಟೇಪ್ ಹೊರಬಿತ್ತು. ಸಾಹೇಬರು ನಿವೃತ್ತಿ ಘೋಷಿಸಿದರು.

ಇದೇ ಗೀ ಹಿಂದೆ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಅದು ಇರುವುದು ಎಸ್‌ಇಸಿಯಲ್ಲೇ! ಇದೇ ಗೀ ಅವರನ್ನು 2011ರಲ್ಲಿ ‘ಫುಟ್‌ಬಾಲ್ ಕೋಚನ್ನು ತೆಗೆಯುತ್ತೀರಾ’ ಅಂತ ಪತ್ರಕರ್ತರು ಕೇಳಿದ್ದರು. ಕೋಚ್ ನನ್ನನ್ನು ತೆಗೆಯದಿದ್ದರೆ ಸಾಕು ಅಂದಿದ್ದರು. ತಮಾಷೆಗೆ ಅಂದದ್ದು. ನನಗೇನೋ ಅವರು ಜೀವನದಲ್ಲಿ ಆಡಿದ ಅತ್ಯಂತ ನಿಜವಾದ ಮಾತು ಅದೇ ಅನ್ನಿಸುತ್ತದೆ. ಕೋಚ್‌ಗಳನ್ನು ತೆಗೆಯುವುದು ಸುಮ್ನೆ ಆಗುವ ಕೆಲಸ ಅಲ್ಲ. 2023ರಲ್ಲಿ ಎಸ್‌ಇಸಿಯ ಟೆಕ್ಸಸ್ ಎ ಅಂಡ್ ಎಂ, ಜಿಂಬೊ ಫಿಷರ್ ಎಂಬ ಕೋಚನ್ನು ಮನೆಗೆ ಕಳಿಸಿತು. ಇನ್ನು ಬರಬೇಡಿ ಅನ್ನಲು ಒಪ್ಪಂದದ ಪ್ರಕಾರ ತೆರಬೇಕಾದದ್ದು ಏಳೂವರೆ ಕೋಟಿ ಡಾಲರಿಗೂ ಮೇಲೆ.

ವ್ಯಾಂಡರ್‌ಬಿಲ್ಟ್ ಅಂದೆನಲ್ಲ, ಅದು ಎಸ್‌ಇಸಿ ಮನೆಯ ಓದಿದ ಮಗ. ಯಾರಾದರೂ ‘ನಿಮಗೆ ಓದು ಬರಲ್ಲ’ ಅಂದ ತಕ್ಷಣ ಒಳಗಿನಿಂದ ಕರೆದು ತೋರಿಸುತ್ತಾರೆ. ಫುಟ್‌ಬಾಲ್‌ನಲ್ಲಿ ಮಾತ್ರ ಅದಕ್ಕೆ ಬಹುಕಾಲ ಸೋಲೇ ಗತಿಯಾಗಿತ್ತು. 2024ರ ಅಕ್ಟೋಬರ್‌ನಲ್ಲಿ ಅದೇ ವ್ಯಾಂಡರ್‌ಬಿಲ್ಟ್, ಎಸ್‌ಇಸಿಯ ಬಲಾಢ್ಯ ತಂಡ ಅಲಬಾಮವನ್ನು 40–35ರಿಂದ ಹೊಡೆದುಬಿಟ್ಟಿತು. ಆ ಓದಿದ ಮಕ್ಕಳು ಏನು ಮಾಡಿದರು ಗೊತ್ತಾ? ಗೋಲ್ ಪೋಸ್ಟ್ ಕಿತ್ತು, ಹೆಗಲ ಮೇಲೆ ಹೊತ್ತು, ನ್ಯಾಶ್‌ವಿಲ್ ಬೀದಿಗಳಲ್ಲಿ ಮೆರವಣಿಗೆ ಮಾಡಿ ಕಂಬರ್ಲಂಡ್ ನದಿಗೆ ಎಸೆದರು. ಥೇಟ್ ಗಣಪತಿ ಬಿಟ್ಟ ಹಾಗೆ.

ಈ ಇಡೀ ಜಗಳದಲ್ಲಿ ಒಬ್ಬರು ಎದ್ದು ಹೋಗಿದ್ದಾರೆ. ಬಿಗ್ ಟೆನ್ ಕಟ್ಟಿದವರಲ್ಲಿ ಶಿಕಾಗೊ ವಿಶ್ವವಿದ್ಯಾಲಯವೂ ಒಂದು. ಕಾಲೇಜು ಫುಟ್‌ಬಾಲ್‌ನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಮೊಟ್ಟಮೊದಲು ಸಿಕ್ಕಿದ್ದು ಅಲ್ಲಿನ ಆಟಗಾರನಿಗೇ. 1939ರಲ್ಲಿ ಅಧ್ಯಕ್ಷ ಹಚಿನ್ಸ್ ಫುಟ್‌ಬಾಲ್ ತಂಡವನ್ನೇ ಮುಚ್ಚಿಸಿದರು. ಖಾಲಿ ಬಿದ್ದ ಸ್ಟ್ಯಾಂಡಿನ ಕೆಳಗೆ 1942ರ ಡಿಸೆಂಬರ್ 2ರಂದು ಭೌತವಿಜ್ಞಾನಿ ಫರ್ಮಿಯ ತಂಡ, ಮನುಷ್ಯ ನಡೆಸಿದ, ತಾನಾಗಿ ಮುಂದುವರಿಯುವ ಮೊದಲ ಅಣು ಸರಪಳಿ ಕ್ರಿಯೆಯನ್ನು ಸಾಧಿಸಿತು. ಎಷ್ಟು ಅಂಕ ಸಿಕ್ಕವು ಅಂತ ಯಾರೂ ಬರೆದಿಟ್ಟಿಲ್ಲ. ಈಗ ಆ ಮೈದಾನದ ಜಾಗದಲ್ಲಿ ಲೈಬ್ರರಿ ಇದೆ. ಕಿತ್ತು ನದಿಗೆ ಎಸೆಯೋಣ ಅಂದರೆ ಅಲ್ಲಿ ಒಂದು ಗೋಲ್ ಪೋಸ್ಟೂ ಇಲ್ಲ. ಹುಡುಗರು ಪಾಪ, ಕೂತು ಓದುತ್ತಾರೆ.